ತಾಯಿ ಕೆದಕಿದ ಮಣ್ಣು

ಹೂತ ಜಾಗವನ್ನು ಕಣ್ಣಾರೆ ನೋಡದೆ ನಂಬುವ ಹೆಂಗಸಲ್ಲ ವನಜಮ್ಮ. ಕೆಲಸದ ಜವರಿಯ ಮನೆಯ ಹಿಂದೆ, ಹಲಸಿನ ಮರದ ಬುಡದಲ್ಲಿ ಹೊಸ ಮಣ್ಣು ಗುಪ್ಪೆಯಾಗಿತ್ತು. ಮೇಲೆ ಸುಣ್ಣ ಚೆಲ್ಲಿತ್ತು. ವನಜಮ್ಮ ಬೇಲಿಯ ಕೋಲೊಂದನ್ನು ಕಿತ್ತು ಗುಪ್ಪೆಯ ಅಂಚಿಗೆ ಚುಚ್ಚಿದಳು. ಕೋಲು ಮೆತ್ತಗೆ ಇಳಿಯಿತು.

"ಹೇಂಟೇನ ಆಳವಾಗೇ ಹೂತಿದ್ದೀಯ ತಾನೆ? ನಾಯಿ ಎಳ್ಕಂಡ್ ಬಂದ್ರೆ ರೋಗ ಮತ್ತೆ ನನ್ ಕೋಳಿ ಶೆಡ್ಡಿಗೇ."

"ಮೊಣಕೈ ಉದ್ದ ತೋಡಿವ್ನಿ ಅಮ್ಮಾರೆ." ಜವರಿಯ ಕೈಯಲ್ಲಿ ಇನ್ನೂ ಮಣ್ಣು ಅಂಟಿತ್ತು. ಅವಳು ಮುಖ ಎತ್ತಲಿಲ್ಲ.

"ಬೇಜಾರ್ ಮಾಡ್ಕಬ್ಯಾಡ. ನಿನ್ ಒಂದ್ ಕೋಳಿ ಮುಖ ನೋಡ್ತಾ ಕೂತ್ರೆ ನನ್ ಮರಿ ಅಷ್ಟೂ ಹೋಯ್ತವೆ."

ಜವರಿ ಕೈಯ ಮಣ್ಣನ್ನು ಸೆರಗಿಗೆ ಒರೆಸಿಕೊಂಡಳು. ಅದೂ ವನಜಮ್ಮನಿಗೆ ಸರಿಬೀಳಲಿಲ್ಲ. ತಪ್ಪಿಲ್ಲದವಳಾಗಿದ್ದರೆ ಜಗಳವನ್ನಾದರೂ ಆಡಬೇಕಿತ್ತಲ್ಲ!

ಹಾಸನದ ಕಡೆಯಿಂದ ಬಂದು, ಕುಶಾಲನಗರದ ಪಕ್ಕ ಶುಂಠಿ, ಜೋಳ ಬೆಳೆದು ನೆಲೆಯೂರಿದ ಮನೆ ವನಜಮ್ಮನದು. ಹೊಲ ಗಂಡ ಸಣ್ಣಸ್ವಾಮಿಯ ಪಾಲಿಗೆ, ನಾಟಿ ಕೋಳಿಯ ಶೆಡ್ಡು ಇವಳ ಪಾಲಿಗೆ. ಹಿಂದಿನ ಸಲ ತಂದ ಮರಿಗಳಲ್ಲಿ ಮುಕ್ಕಾಲು ಪಾಲು ಬಿಳಿ ಭೇದಿ ಹತ್ತಿ ಸತ್ತಿದ್ದವು. ಈ ಸಲವೂ ಹಾಗೇ ಆದರೆ ಶೆಡ್ಡಿಗೆ ಶುಂಠಿ ತುಂಬುತ್ತೇನೆ ಎಂದು ಸಣ್ಣಸ್ವಾಮಿ ಹೇಳಿಬಿಟ್ಟಿದ್ದ. ಆ ಮಾತು ಅವಳ ಎದೆಗೆ ನಾಟಿತ್ತು. ಸ್ವಂತದ್ದು ಅಂತ ಅವಳಿಗಿದ್ದದ್ದು ಆ ಶೆಡ್ಡು ಒಂದೇ.

ಹಾಗಾಗಿ ಈ ಸಲ ಶೆಡ್ಡನ್ನು ದೇವರ ಮನೆಗಿಂತ ಚೊಕ್ಕಟ ಮಾಡಿದಳು. ಸುಣ್ಣ ಬಳಿದಳು, ಫಿನಾಯಿಲ್ ಹಾಕಿ ತೊಳೆದಳು, ಹೊಸ ಭತ್ತದ ಹೊಟ್ಟು ಹರಡಿದಳು. ನಡುವೆ ಬಲೆ ಕಟ್ಟಿ ಬಾವಿ ಕಡೆಗೊಂದು, ರಸ್ತೆ ಕಡೆಗೊಂದು ಎಂದು ಎರಡು ಅಂಕಣ ಮಾಡಿದಳು. ಮೆಷಿನ್ನಿನಲ್ಲಿ ಮೊಟ್ಟೆ ಒಡೆಸಿದ ಇನ್ನೂರು ಮರಿಗಳು ರಟ್ಟಿನ ಡಬ್ಬಗಳಲ್ಲಿ ಬಂದಿಳಿದವು.

ಮರಿ ಬಂದ ಮಾರನೆಯ ದಿನವೇ ಜವರಿ ಸಿಕ್ಕಿಬಿದ್ದಿದ್ದು. ಎಸ್ಟೇಟಿನಲ್ಲಿ ಕಾಫಿ ಪಿಕ್ಕಿಂಗ್ ಇಲ್ಲದ ದಿನಗಳಲ್ಲಿ ಶೆಡ್ಡು ಗುಡಿಸಲು ಹನ್ನೆರಡು ವರ್ಷದಿಂದ ಬರುತ್ತಿದ್ದವಳು ಅವಳು. ಅಂದು ಕಂಕುಳಲ್ಲಿ ಕುಕ್ಕೆ ಹಿಡಿದು, ಬಾವಿ ಕಡೆಯ ಅಂಕಣಕ್ಕೆ ಏನನ್ನೋ ಚೆಲ್ಲಿ, ರಸ್ತೆ ಕಡೆಯ ಅಂಕಣಕ್ಕೆ ಕಾಲಿಡುತ್ತಿದ್ದಳು. ವನಜಮ್ಮ ಓಡಿಬಂದು ಕೈ ಹಿಡಿದುಕೊಂಡಳು. ಕುಕ್ಕೆಯಲ್ಲಿ ಕೋಳಿಯ ಹಿಕ್ಕೆ ಬೆರೆತ ಮಣ್ಣು, ಒಂದೆರಡು ಕೆಂಪು ಪುಕ್ಕ.

"ಏನೇ ಇದು?"

"ನಮ್ ಹೇಂಟೆ ಕೆದಕಿದ್ ಮಣ್ಣು ಅಮ್ಮಾರೆ. ತಾಯಿಲ್ದ ಮರಿಗೆ ತಾಯಿ ಕಾಲಡಿ ಮಣ್ಣು ಹಾಕ್ತರೆ ನಮ್ಮಲ್ಲಿ."

"ನಿಮ್ಮಲ್ಲಿ ಹಾಕ್ಕಳಿ! ನನ್ ಶೆಡ್ಡಲ್ಲಿ ಬ್ಯಾಡ."

ವನಜಮ್ಮ ಬಾವಿ ಕಡೆಯ ಅಂಕಣವನ್ನು ಕೈಲಾದಷ್ಟು ಗುಡಿಸಿ ಹಾಕಿದಳು. ಐದನೆಯ ದಿನ ಮರಿಗಳು ರೆಕ್ಕೆ ಇಳಿಬಿಟ್ಟು, ಹಿಂಭಾಗಕ್ಕೆ ಬಿಳಿ ಮೆತ್ತಿಕೊಂಡು ತೂಕಡಿಸತೊಡಗಿದವು. ಸತ್ತದ್ದೆಲ್ಲ ರಸ್ತೆ ಕಡೆಯವು. ಚೆಲ್ಲಿದ್ದು ಬಾವಿ ಕಡೆಗಲ್ಲವೇ ಎಂದು ಸಣ್ಣಸ್ವಾಮಿ ಕೇಳಿದ್ದಕ್ಕೆ, "ನಿಮ್ಗೆ ಗೊತ್ತಾಗಕಿಲ್ಲ ಸುಮ್ಕಿರಿ. ನಾನ್ ಕಾಣ್ದಂಗೆ ಈ ಕಡೀಗೂ ಹಾಕವ್ಳೆ" ಎಂದಳು. ಅನುಮಾನ ಬಂದ ಮೇಲೆ ಲೆಕ್ಕ ಯಾರಿಗೆ ಬೇಕು? ಸಂಜೆಯೊಳಗೆ ಆ ಹೇಂಟೆಯನ್ನು ಕೊಂದು ಸುಣ್ಣ ಹಾಕಿ ಹೂಳಬೇಕು, ಇಲ್ಲದಿದ್ದರೆ ನನ್ನ ಅಂಗಳ ತುಳಿಯಬೇಡ ಎಂದು ಜವರಿಗೆ ಹೇಳಿ ಕಳಿಸಿದಳು.

ಹೇಂಟೆ ಹೂತ ಮೂರನೆಯ ದಿನ ಪಶುವೈದ್ಯೆ ಉಷಾರಾಣಿ ಬಂದರು. ಸತ್ತ ಮರಿಯೊಂದನ್ನು ಕೊಯ್ದು, ಕರುಳನ್ನು ಚಿಮುಟದ ತುದಿಯಲ್ಲಿ ಬಿಡಿಸಿ ತೋರಿಸಿದರು. ಒಳಗೆ ಗಿಣ್ಣಿನಂಥ ಬಿಳಿ ಗಂಟು.

"ಬ್ಯಾಕ್ಟೀರಿಯಾದ್ದು. ಮೊಟ್ಟೆಯಿಂದಲೇ ಬಂದಿರಬೇಕು ಅನ್ಸುತ್ತೆ. ಆದ್ರೆ ವನಜಮ್ಮ, ಒಂದೇ ಕಡೆಯಿಂದ ಬಂದ ಮರಿ, ಒಂದೇ ನೀರು. ಬಾವಿ ಕಡೇವು ಹೇಗೆ ಇಷ್ಟು ಚುರುಕಾಗಿವೆ? ಏನ್ ಹಾಕಿದ್ರಿ ಅದಕ್ಕೆ?"

"ನಾನೇನೂ ಹಾಕಿಲ್ಲ. ಆ ಜವರಿ… ಹಿಕ್ಕೆ ಮಣ್ಣು ಚೆಲ್ಲಿದ್ಲು."

ಡಾಕ್ಟರು ಕೈಗವಸು ಕಳಚುತ್ತ ನಕ್ಕರು. "ಅದೇ ಮತ್ತೆ. ಮೆಷಿನ್ ಮರಿಗೆ ತಾಯಿ ಇಲ್ಲ. ತಾಯಿ ಜೊತೆ ಇದ್ದಿದ್ರೆ ಮರಿ ಅದರ ಹಿಕ್ಕೆ ಕುಕ್ಕಿ ಒಳ್ಳೆ ಸೂಕ್ಷ್ಮಜೀವಿಗಳನ್ನ ತಗೊಳ್ತಿತ್ತು. ಅವು ಮೊದಲು ಬಂದು ಕರುಳಲ್ಲಿ ಜಾಗ ಹಿಡಿದ್ರೆ ಕೆಟ್ಟದ್ದಕ್ಕೆ ಕೂರೋಕೆ ತಾವಿರಲ್ಲ. ನೀವು ತೊಳೆದು ತೊಳೆದು ಜಾಗ ಖಾಲಿ ಇಟ್ಕೊಂಡು ಕಾದಿದ್ರಿ. ಹಾಗಂತ ಯಾವ ಹಿಕ್ಕೆ ಬೇಕಾದ್ರೂ ಹಾಕೋ ಹಾಗಿಲ್ಲ, ಅದರಲ್ಲೇ ರೋಗ ಇರಬಹುದು. ಆ ಹೇಂಟೆ ಹಿಕ್ಕೆ ಕೊಡಿ, ಪರೀಕ್ಷೆ ಮಾಡಿಸ್ತೀನಿ. ಮುಂದಿನ ಮರಿಗಳಿಗೂ ಆಗುತ್ತೆ. ಎಲ್ಲಿದೆ ಅದು?"

ವನಜಮ್ಮ ಬೇಲಿಯಾಚೆಯ ಹಲಸಿನ ಮರದ ಕಡೆ ನೋಡಿದಳು. ರಸ್ತೆ ಕಡೆಯ ಅಂಕಣಕ್ಕೆ ಹೋಗಲಿದ್ದ ಅರ್ಧ ಕುಕ್ಕೆ ಮಣ್ಣು, ಅದನ್ನು ತಡೆದ ತನ್ನದೇ ಕೈ ನೆನಪಾದವು. "ಹೂಳಿಸ್ಬಿಟ್ಟೆ" ಎಂದಳು.

ಡಾಕ್ಟರು ಹೊರಟ ಮೇಲೆ ಮೊರದಲ್ಲಿ ನುಚ್ಚು ಹಾಕಿಕೊಂಡು ಬೇಲಿ ದಾಟಿದಳು. ಜವರಿ ಬಾಗಿಲಲ್ಲೇ ಕೂತಿದ್ದಳು. ಇವಳನ್ನು ಕಂಡದ್ದೇ ಎದ್ದು, ಬಾಗಿಲಿಗೆ ಅಡ್ಡ ನಿಂತಳು.

"ಜವರಿ, ತಪ್ಪು ನಂದೇ ಕಣೆ. ನಿನ್ ಮಣ್ ಬಿದ್ದ ಮರಿ ಬದುಕ್ಕಂಡ್ವು. ಡಾಕ್ಟ್ರಮ್ಮ ಹೇಳಿದ್ರು."

"ಆಯ್ತು ಅಮ್ಮಾರೆ."

"ಆ ಹೇಂಟೆ ಇದ್ದಿದ್ರೆ ಅಂದ್ರು…"

"ಹೂತಾಯ್ತಲ್ಲ. ನೀವೇ ಕೋಲ್ ಹಾಕಿ ನೋಡುದ್ರಿ."

ಆಗ ಒಳಗೆ, ಬೋರಲು ಹಾಕಿದ ಮಂಕರಿಯ ಕೆಳಗಿನಿಂದ, ಕೊಕ್ ಕೊಕ್ ಎಂದಿತು. ಜವರಿ ತಟ್ಟನೆ ಕೆಮ್ಮಿದಳು. ಮತ್ತೆ ಕೊಕ್ ಎಂದಿತು. ಜವರಿ ಎದೆ ಹಿಡಿದುಕೊಂಡು ಇನ್ನೂ ಜೋರಾಗಿ ಕೆಮ್ಮಿದಳು. ಅವಳ ಕಣ್ಣು ಮಾತ್ರ ವನಜಮ್ಮನ ಕೈಯನ್ನೇ ಕಾಯುತ್ತಿತ್ತು.

ವನಜಮ್ಮನಿಗೆ ಮೊದಲು ಹಿಗ್ಗಾಯಿತು, ಆಮೇಲೆ ಆ ಕಣ್ಣನ್ನು ನೋಡಿ ನಾಚಿಕೆಯಾಯಿತು. ಕೊಡು ಎಂದು ಕೇಳಲು ಬಾಯಿ ಬರಲಿಲ್ಲ.

"ಕೆಮ್ಮು ಜೋರಾಗೈತೆ. ಶುಂಠಿ ಕಷಾಯ ಕುಡಿ" ಎಂದು ನುಚ್ಚಿನ ಮೊರವನ್ನು ಮೆಟ್ಟಿಲ ಮೇಲಿಟ್ಟು, ತಿರುಗಿ ನೋಡದೆ ನಡೆದಳು.

ಅವಳು ಬೇಲಿ ದಾಟುವವರೆಗೂ ಹಿಂದೆ ಕೆಮ್ಮು ನಿಲ್ಲಲಿಲ್ಲ.