ಹುಟ್ಟಿನಿಂದ ಬಂದದ್ದಲ್ಲ

"ಹಲ್ಲು ಕಾಣೋ ಹಂಗೆ ನಗ್ರೇ. ಹೆಣದ ಮುಂದೆ ನಿಂತಂಗೆ ನಿಂತಿದೀರಲ್ಲ."

ಮ್ಯಾನೇಜರ್ ಮೈಕಿನಲ್ಲಿ ಗದರಿದ. ಇಸ್ತ್ರಿ ವಿಭಾಗದ ನಾವು ಇಪ್ಪತ್ತು ಹೆಂಗಸರೂ ಹಲ್ಲು ಕಿರಿದೆವು. ಆರು ತಿಂಗಳ ಹಿಂದೆ ಸಂಬಳ ಅರ್ಧಕ್ಕಿಳಿಸಿದ ಪುಣ್ಯಾತ್ಮನಿಗೆ ಈಗ ನಮ್ಮ ಮನಸ್ಸಿನ ಆರೋಗ್ಯದ್ದೇ ಚಿಂತೆ. ದಿನಾ ಬೆಳಿಗ್ಗೆ ಹತ್ತು ನಿಮಿಷ ನಗಬೇಕಂತೆ. ಆ ಹತ್ತು ನಿಮಿಷವನ್ನು ಟೀ ಬಿಡುವಿನಲ್ಲಿ ಮುರಿದುಕೊಳ್ಳುತ್ತಿದ್ದ. ಎಂಥ ಧಾರಾಳ!

ನನ್ನಣ್ಣ ಇದೇ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುತ್ತಿದ್ದ. ಅರ್ಧ ಸಂಬಳ ಸಾಲದೆ ಎರಡೆರಡು ಪಾಳಿ ದುಡಿದ. ಮೊದಲು ನಿದ್ದೆ ಹೋಯಿತು, ಆಮೇಲೆ ಮಾತು. ಒಂದು ದಿನ ಕತ್ತರಿ ಕೆಳಗಿಟ್ಟು ಮೇಜಿನ ಮುಂದೆ ನಿಂತವನು ನಿಂತೇ ಇದ್ದ. ಸೂಪರ್‌ವೈಸರ್ ಅವನ ಮುಖಕ್ಕೆ ನೀರೆರಚಿ, ನಾಟಕ ಆಡ್ತಾನೆ ಬೋಳಿಮಗ ಎಂದು ಗೇಟಿನಾಚೆ ದಬ್ಬಿಸಿದ. ಈಗ ಅಣ್ಣನಿಗೆ ತುತ್ತು ಮಾಡಿ ಬಾಯಿಗಿಡಬೇಕು. ಚಿಕ್ಕಂದಿನಲ್ಲಿ ನನಗೆ ಹಾಗೆ ತಿನ್ನಿಸಿದವನು ಅವನೇ. ಮಾತ್ರೆ ಮುಗಿದು ನಾಲ್ಕು ದಿನವಾಗಿತ್ತು, ಗೋಡೆಗೆ ಹಣೆ ಚಚ್ಚಿಕೊಳ್ಳತೊಡಗಿದ್ದ.

ನಗು ಮುಗಿದ ಮೇಲೆ ಮ್ಯಾನೇಜರ್ ನನ್ನನ್ನು ಒಳಗೆ ಕರೆಸಿ ಕಾಗದವೊಂದನ್ನು ತಳ್ಳಿದ. ಸಹಿ ಹಾಕಿದರೆ ಒಂದು ವರ್ಷದ ಮಾತ್ರೆ ಕಂಪನಿಯದೇ ಎಂದ. ಅಣ್ಣನಿಗೆ ಹುಟ್ಟಿನಿಂದಲೇ ತಲೆ ಸರಿಯಿಲ್ಲ, ಮನೆಯವರು ಮುಚ್ಚಿಟ್ಟು ಕೆಲಸಕ್ಕೆ ಕಳಿಸಿದರು ಎಂದು ಅದರಲ್ಲಿತ್ತು.

ಪೆನ್ನು ಹಿಡಿದೆ. ಮಾತ್ರೆ ಬೇಕಿತ್ತು, ಯಾಕೆ ಸುಳ್ಳು ಹೇಳಲಿ.

"ಬೇಗ ಹಾಕು. ನಿಮ್ಮಂಥೋರ ವಂಶದಲ್ಲಿ ಇದೆಲ್ಲ ಇದ್ದಿದ್ದೇ."

ಮೈಯೆಲ್ಲ ಉರಿದುಹೋಯಿತು. 'ಹುಟ್ಟಿನಿಂದಲೇ' ಎಂಬುದನ್ನು ಹೊಡೆದುಹಾಕಿ 'ಸಂಬಳ ಅರ್ಧ ಮಾಡಿದಾಗಿನಿಂದ' ಎಂದು ದಪ್ಪಗೆ ಬರೆದೆ. ಮನೆಯವರು ಮುಚ್ಚಿಟ್ಟರೆಂಬ ಸಾಲಿಗೂ ಗೀಟೆಳೆದು, ಕೆಳಗೆ ಸಹಿ ಹಾಕಿ ಕೊಟ್ಟೆ.

ಓದಿದವನು ಕಾಗದ ಹರಿದ. ನಿನ್ನಣ್ಣನಿಗೆ ಮಾತ್ರೆ ಯಾಕೆ, ವಿಷ ಕೊಡು ಎಂದ.

"ಅದನ್ನ ನೀನೇ ಕೊಟ್ಟಾಯ್ತಲ್ಲ."

ಕಾರ್ಖಾನೆಯಲ್ಲಿ ಅವನಿಗೆ ಏಕವಚನ ಬಿದ್ದದ್ದು ಅದೇ ಮೊದಲು. ಮಧ್ಯಾಹ್ನದೊಳಗೆ ನಾನೂ ಗೇಟಿನಾಚೆ ಇದ್ದೆ.

"ಏನಾದ್ರೂ ಬರ್ಕೊಳ್ಲಿ ಅಂತ ಮಾತ್ರೆ ತರಬಾರ್ದಿತ್ತಾ?" ಅಮ್ಮ ಸೆರಗು ಬಾಯಿಗೊತ್ತಿ ಅತ್ತಳು. ಅವಳು ಹೇಳಿದ್ದೂ ತಪ್ಪಲ್ಲ. ಆದರೆ ನನ್ನಣ್ಣನನ್ನು ಹುಟ್ಟಾ ಹುಚ್ಚನೆಂದು ನನ್ನ ಕೈಯಿಂದಲೇ ಬರೆಸುತ್ತಾನಾ, ಅವನ ಬಾಯಿಗಿಷ್ಟು ಮಣ್ಣು ಹಾಕ.

ಅಣ್ಣ ಗೋಡೆಯ ಹತ್ತಿರ ಹೋದ. ಅವನ ಹಣೆಗೂ ಗೋಡೆಗೂ ನಡುವೆ ನನ್ನ ಅಂಗೈ ಇಟ್ಟೆ. ಚಚ್ಚಿದ. ಮತ್ತೆ ಚಚ್ಚಿದ. ಬೆರಳು ಊದಿಕೊಂಡವು. ಕೈ ಬದಲಿಸಿದೆ.