ಚಪ್ಪಲಿಯ ಮೇಲಿನ ರಕ್ತದ ಕಲೆ

ಲಿಲಿವ್ ಊರಿನಲ್ಲಿ ಮನೆಮನೆಯಲ್ಲೂ ಚಪ್ಪಲಿ ಹೊಲಿಯುತ್ತಾರೆ. ಸೂಜಿ ಚುಚ್ಚದ ಬೆರಳು ಅಲ್ಲಿ ಇಲ್ಲ. ಆದರೆ ಚುಚ್ಚಿದ್ದೇ ಗೊತ್ತಾಗದೆ ಹೊಲಿಯುತ್ತಾ ಕುಳಿತಿದ್ದವಳು ನೆನಿತಾ ಒಬ್ಬಳೇ. ಹೊಸ ಅಟ್ಟೆಯ ಮೇಲೆ ಹರಿದಿದ್ದ ರಕ್ತವನ್ನು ಮೊದಲು ನೋಡಿದ್ದು ಅವಳ ಸೋದರತ್ತೆ ಅಂಪಾರೊ.

ಅರವತ್ತೆಂಟರ ಅಂಪಾರೊಗೆ ಆ ಲಕ್ಷಣ ಚೆನ್ನಾಗಿ ಗೊತ್ತಿತ್ತು. ನಮ್ಮ ದ್ವೀಪಗಳು ಜಪಾನಿನ ವಶದಲ್ಲಿದ್ದ ಯುದ್ಧದ ಕಾಲದಲ್ಲಿ ಅವಳಿಗೆ ಕುಷ್ಠರೋಗವಿತ್ತು. ಜಪಾನಿ ಸೈನ್ಯದ ನೆಲೆಗಳ ನಕ್ಷೆಯನ್ನು ಕಾಲಿನ ಗಾಯದ ಪಟ್ಟಿಯೊಳಗೆ ಸುತ್ತಿಕೊಂಡು, ಗುಡ್ಡದಲ್ಲಿದ್ದ ನಮ್ಮ ಹೋರಾಟಗಾರರಿಗೆ ಮುಟ್ಟಿಸುತ್ತಿದ್ದಳು. ಕಾವಲಿನ ಸೈನಿಕರು ಅವಳ ಮುಖದ ಮೇಲಿನ ರೋಗದ ಗಂಟುಗಳನ್ನು ನೋಡಿ ಹಿಂದೆ ಸರಿಯುತ್ತಿದ್ದರು. ಯುದ್ಧ ಮುಗಿದ ಮೇಲೆ ಹನ್ನೊಂದು ವರ್ಷ ಕುಷ್ಠಧಾಮದಲ್ಲಿದ್ದು, ಗುಣವಾಗಿ ಬಂದಳು.

ಪ್ರತಿ ಏಪ್ರಿಲ್‌ನಲ್ಲಿ, ಯುದ್ಧವೀರರನ್ನು ನೆನೆಯುವ ದಿನ, ಊರಿನವರು ಬಂದು ಅವಳನ್ನು ಹೊಗಳುತ್ತಾರೆ. ಹಾರವನ್ನು ಮಾತ್ರ ಕುರ್ಚಿಯ ಮೇಲಿಟ್ಟು ಹೋಗುತ್ತಾರೆ. ಹಿರಿಯರ ಕೈಯನ್ನು ಹಣೆಗೆ ಒತ್ತಿಕೊಂಡು ನಮಸ್ಕರಿಸುವ ಊರಿನಲ್ಲಿ ಅವಳ ಕೈಯನ್ನು ಮೂವತ್ತು ವರ್ಷದಿಂದ ಯಾರೂ ಹಿಡಿದಿಲ್ಲ. ಬೇಸರಪಟ್ಟುಕೊಳ್ಳುವುದಕ್ಕೂ ಅವಳಿಗೆ ಈಗ ಆಯಾಸ.

ನೆನಿತಾ ಕೈ ಮರೆಮಾಡಿದಳು. "ಗೋಂದು ತಾಗಿ ಜೋಮು ಹಿಡಿದಿದೆ ಅತ್ತೆ, ಅಷ್ಟೆ. ಆಮೇಲೆ ನೋಡೋಣ."

ಕಣ್ಣು ಮುಚ್ಚಿಕೋ ಎಂದು ಹೇಳಿ, ಅಂಪಾರೊ ಅವಳ ಮುಂಗೈಯ ಬಿಳಿಚಿದ ಮಚ್ಚೆಯ ಮೇಲೆ ಕೋಳಿಗರಿ ಆಡಿಸಿದಳು. ಯಾವಾಗ ಮುಟ್ಟುತ್ತೀರಿ ಎಂದು ನೆನಿತಾ ಕೇಳಿದಳು. ಮೂರು ಸಲ ಮುಟ್ಟಿ ಆಗಿತ್ತು.

"ಊರಲ್ಲಿ ಗೊತ್ತಾದ್ರೆ ನಾನು ಹೊಲಿದ ಚಪ್ಪಲಿ ಯಾರು ಹಾಕ್ಕೋತಾರೆ? ನಿಮ್ಮಿಂದಲೇ ಬಂತು ಅಂತಾರೆ."

"ಅಂದ್ಕೊಳ್ಲಿ ಬಿಡೆ. ಅನ್ನಿಸ್ಕೊಂಡು ಅನ್ನಿಸ್ಕೊಂಡು ನನಗೆ ಸಾಕಾಗಿದೆ. ಆಗ ಸೈನಿಕರು ಹೆದರಿದ್ದಕ್ಕೆ ನಕ್ಷೆ ಉಳೀತು. ನೀನು ಹೆದರಿದ್ರೆ ಏನು ಉಳಿಯುತ್ತೆ? ಬೆರಳೂ ಉಳಿಯಲ್ಲ."

ಮರುದಿನ ಬೆಳಿಗ್ಗೆ ಇಬ್ಬರೂ ಆರೋಗ್ಯ ಕೇಂದ್ರಕ್ಕೆ ಹೋದರು. ನರ್ಸ್ ಬೆಲೆನ್ ಪರೀಕ್ಷಿಸಿ, ಇದು ಶಾಪವಲ್ಲ, ರೋಗಾಣುವಿನಿಂದ ಬರುವ ಕಾಯಿಲೆ ಎಂದರು. ಗುಣವಾದವರಿಂದ ಇದು ಹರಡುವುದಿಲ್ಲ, ಔಷಧಿ ತೆಗೆದುಕೊಳ್ಳದೆ ಉಳಿದವರಿಂದ ಹರಡಬಹುದು ಎಂದು ತಿಳಿಸಿದರು. ನೆನಿತಾಳ ಹಂತಕ್ಕೆ ಆರು ತಿಂಗಳ ಮಾತ್ರೆ ಸಾಕಿತ್ತು. ಅದೂ ಉಚಿತ. ತಟ್ಟೆ ಲೋಟ ಬೇರೆ ಇಡಬೇಕೇ ಎಂದು ನೆನಿತಾ ಮೆಲ್ಲಗೆ ಕೇಳಿದಳು.

"ಬೇಡ ಕಣಮ್ಮ, ತೊಳೆಯೋ ಕೆಲಸ ಜಾಸ್ತಿ ಆಗುತ್ತೆ," ಎಂದರು ಬೆಲೆನ್.

ಅಕ್ಟೋಬರ್‌ನಲ್ಲಿ ಶುರುವಾದ ಮಾತ್ರೆ ಏಪ್ರಿಲ್ ಹೊತ್ತಿಗೆ ಮುಗಿಯಿತು. ಒಂದು ದಿನವೂ ತಪ್ಪಿಸಲಿಲ್ಲ. ಮಚ್ಚೆ ಮಾಸಿತು, ಕೈ ಉಳಿಯಿತು. ಆದರೆ ಕಿರುಬೆರಳಿನ ಸ್ಪರ್ಶ ಮರಳಲಿಲ್ಲ. ತಡವಾಗಿತ್ತು. ಈಗ ಆ ಬೆರಳಿಗೆ ಬಟ್ಟೆ ಸುತ್ತಿಕೊಂಡು ಹೊಲಿಯುತ್ತಾಳೆ.

ಆ ಏಪ್ರಿಲ್‌ನಲ್ಲೂ ಊರಿನವರು ಹಾರವನ್ನು ಕುರ್ಚಿಯ ಮೇಲಿಟ್ಟರು. ನೆನಿತಾ ಅದನ್ನೆತ್ತಿ ಅತ್ತೆಯ ಕೊರಳಿಗೆ ಹಾಕಿದಳು. ತನಗೂ ಇದೇ ರೋಗ ಬಂದಿತ್ತು, ವಾಸಿಯಾಯಿತು ಎಂದು ಎಲ್ಲರೆದುರು ಹೇಳಿ, ಅತ್ತೆಯ ಕೈ ಹಿಡಿದಳು. ಅಂಪಾರೊ ಅಭ್ಯಾಸಬಲದಿಂದ ಕೈ ಹಿಂದೆಳೆದುಕೊಂಡಳು. ನೆನಿತಾ ಬಿಡದೆ ಆ ಕೈಯನ್ನು ಹಣೆಗೆ ಒತ್ತಿಕೊಂಡಳು.

ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಇಂದೇ ನಿಮ್ಮ ಮೈ ನೋಡಿಕೊಳ್ಳಿ, ಮನೆಯವರದ್ದನ್ನೂ ನೋಡಿ. ಮುಟ್ಟಿದರೂ ಗೊತ್ತಾಗದ ಮಚ್ಚೆ ಇದ್ದರೆ ಆಮೇಲೆ ನೋಡೋಣ ಎನ್ನಬೇಡಿ. ಆರೋಗ್ಯ ಕೇಂದ್ರಕ್ಕೆ ಹೋಗಿ, ಕೊಟ್ಟ ಮಾತ್ರೆಯನ್ನು ಪೂರ್ತಿ ಮುಗಿಸಿ. ಗುಣವಾಗಿ ಬಂದವರು ನಿಮ್ಮ ಊರಿನಲ್ಲಿದ್ದರೆ ಅವರ ಕೈ ಹಿಡಿಯಿರಿ. ಅವರು ಹಿಂದೆಳೆದುಕೊಂಡರೂ ಬಿಡಬೇಡಿ.