ಅಮ್ಮ ತೆಗೆದುಕೊಂಡ ಟೋಕನ್

ನನ್ನ ಹೆಂಡತಿ ವಾರ್ಡಿನ ಮೆಂಬರಾಗಿ ಗೆದ್ದ ದಿನ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಬೀಗಿದವಳು ನಮ್ಮಮ್ಮ. ಅತ್ತೆ-ಸೊಸೆ ಎಂದರೆ ಹಾವು-ಮುಂಗುಸಿ ಎನ್ನುವವರು ಅವತ್ತು ನಮ್ಮ ಮನೆಗೆ ಬರಬೇಕಿತ್ತು. ಬಂದವರಿಗೆಲ್ಲ ಟೀ ಕೊಟ್ಟು, ನಾನು ಮೊದಲೇ ಹೇಳಿರಲಿಲ್ಲವೇ ಎಂದು ತನ್ನ ಬೆನ್ನನ್ನು ತಾನೇ ತಟ್ಟಿಕೊಂಡಳು. ಹೇಳಿದ್ದೇನೋ ನಿಜ. ಆದರೆ ಸೊಸೆ ಸೋಲುತ್ತಾಳೆ ಎಂದು ಹೇಳಿದ್ದಳು. ನಾನು ಬಾಯಿ ಬಿಡಲಿಲ್ಲ. ವೆಲ್ಡಿಂಗ್ ಮಾಡುವವನಿಗೆ ಕಿಡಿ ಎತ್ತ ಹಾರುತ್ತದೆ ಎಂಬ ಅಂದಾಜು ಇರಬೇಕು, ಮನೆಯಲ್ಲೂ.

ಹಿಂದಿನ ಮೆಂಬರಿನ ಮುಖ ನೋಡಬೇಕಾದರೆ ಇನ್ನೊಂದು ಚುನಾವಣೆ ಬರಬೇಕಿತ್ತು. ಮನೆಗೆ ಹೋದರೆ ಮೀಟಿಂಗಿನಲ್ಲಿದ್ದಾರೆ ಎನ್ನುತ್ತಿದ್ದರು, ಮೀಟಿಂಗಿಗೆ ಹೋದರೆ ಮನೆಗೆ ಹೋದರು ಎನ್ನುತ್ತಿದ್ದರು. ಅಪ್ಪಿತಪ್ಪಿ ಕೈಗೆ ಸಿಕ್ಕರೆ ಆ ಮನುಷ್ಯ 'ನೋಡೋಣ' ಎಂದುಬಿಡುತ್ತಿದ್ದ. ಆ ಒಂದು ಮಾತಿನಲ್ಲಿ ಐದು ವರ್ಷ ಕಳೆದ ಪುಣ್ಯಾತ್ಮ.

ನನ್ನ ಹೆಂಡತಿ ಅದಕ್ಕೆ ತದ್ವಿರುದ್ಧ. ಅರ್ಧ ಆಯುಷ್ಯ ಸಿಟಿ ಬಸ್ಸಿನ ಕಂಡಕ್ಟರಾಗಿದ್ದವಳು. ಚಿಲ್ಲರೆ ಇಲ್ಲದವರನ್ನೂ ಕುಡಿದು ಬಂದವರನ್ನೂ ಒಂದೇ ದನಿಯಲ್ಲಿ ಹಿಡಿತಕ್ಕೆ ತಂದವಳು. ಗೆದ್ದ ಮೇಲೆ ಶನಿವಾರ ಬೆಳಿಗ್ಗೆ ವಾರ್ಡಿನ ವಾಚನಾಲಯದಲ್ಲಿ ಕೂರತೊಡಗಿದಳು. ಬಂದವರು ಟೋಕನ್ ತೆಗೆದುಕೊಳ್ಳಬೇಕು, ಸರದಿಗೆ ಕಾಯಬೇಕು, ಎಲ್ಲರೆದುರು ಕೇಳಬೇಕು. ಕಿವಿಯಲ್ಲಿ ಪಿಸುಗುಟ್ಟುವ ಹಾಗಿಲ್ಲ. ಅವಳೂ ಎಲ್ಲರೆದುರೇ ಉತ್ತರ ಕೊಡಬೇಕು. ಆಗುತ್ತೆ ಎಂದರೆ ಯಾವಾಗ ಎಂದು ಹೇಳಬೇಕು, ಆಗಲ್ಲ ಎಂದರೆ ಯಾಕೆ ಎಂದು ಹೇಳಬೇಕು. ನೋಡೋಣ ಎಂಬ ಮಾತಿಗೆ ಅಲ್ಲಿ ಜಾಗವಿಲ್ಲ. ತನ್ನ ಕೈಯಲ್ಲಿಲ್ಲದ ಕೆಲಸ ಯಾರಾದರೂ ಕೇಳಿದರೆ ಹಳೆಯ ಅಭ್ಯಾಸದಂತೆ, "ಈ ಬಸ್ಸು ಅಲ್ಲಿಗೆ ಹೋಗಲ್ಲ" ಎಂದು, ಯಾವ ಆಫೀಸಿಗೆ ಹೋಗಬೇಕೆಂದು ಹೇಳಿ ಕಳಿಸುತ್ತಿದ್ದಳು. ಜನ ಇಲ್ಲ ಎನ್ನಿಸಿಕೊಂಡೂ ನಗುತ್ತಾ ಹೋಗುವುದನ್ನು ನಾನು ಅಲ್ಲೇ ಮೊದಲು ಕಂಡದ್ದು.

ಟೋಕನ್ ಎಂದರೆ ಮುಚ್ಚಿಹೋದ ಸೈಕಲ್ ಸ್ಟ್ಯಾಂಡಿನಿಂದ ತಂದ ತಗಡಿನ ಬಿಲ್ಲೆಗಳು. ಅವನ್ನು ಹಂಚುವವರು ನಿವೃತ್ತ ಪೋಸ್ಟ್‌ಮ್ಯಾನ್. ಹೊಸ ಬಿಲ್ಲೆ ಕತ್ತರಿಸಿ ಕೊಡುತ್ತೇನೆ ಎಂದು ನಾನು ಹೇಳಿದ್ದಕ್ಕೆ ಹೆಂಡತಿ ಒಪ್ಪಲಿಲ್ಲ. ಮೆಂಬರಿನ ಗಂಡ ವಾರ್ಡಿನ ಒಂದು ಮೊಳೆಯನ್ನೂ ಮುಟ್ಟಬಾರದು ಎಂಬುದು ಅವಳ ಕಾನೂನು.

ಮನೆಗೂ ಒಂದು ಕಾನೂನು ಬಂತು, ಅದಕ್ಕೆ ಕಾರಣ ಅಮ್ಮನೇ. ಶನಿವಾರದವರೆಗೆ ಕಾಯಲಾರದವರು ಅಮ್ಮನ ಹತ್ತಿರ ಬಂದು ಕೂರುತ್ತಿದ್ದರು. ಅಮ್ಮನಿಗೆ ಅದರಲ್ಲಿ ಸ್ವಲ್ಪ ಗತ್ತೂ ಇತ್ತು. ಊಟಕ್ಕೆ ಕೂತಾಗ, ತಟ್ಟೆಗೆ ಬಡಿಸುತ್ತಾ ಬಡಿಸುತ್ತಾ, ಮೂಲೆಮನೆಯವರ ಚರಂಡಿ, ಟೈಲರ್ ಅಂಗಡಿ ಎದುರಿನ ದೀಪ ಎಂದು ಒಂದೊಂದೇ ಇಳಿಸುತ್ತಿದ್ದಳು. ಒಂದು ದಿನ ಹೆಂಡತಿ ತುತ್ತು ಕೆಳಗಿಟ್ಟು, ಹೊಸ್ತಿಲೊಳಗೆ ವಾರ್ಡಿನ ಮಾತು ಬೇಡ, ಏನಿದ್ದರೂ ಶನಿವಾರ ಅಲ್ಲೇ ಬಂದು ಹೇಳಲಿ ಎಂದಳು. ದನಿ ಏರಿಸಲಿಲ್ಲ. ಅಮ್ಮ ಆಯ್ತು ಎಂದಳು. ಅಮ್ಮ ಅಷ್ಟು ಬೇಗ ಆಯ್ತು ಎಂದರೆ ಏನೋ ಕಾದಿದೆ ಎಂದೇ ಅರ್ಥ, ನನಗೆ ಆಗಲೇ ಹೊಳೆಯಬೇಕಿತ್ತು.

ಕಾದಿದ್ದದ್ದು ಮೆಟ್ಟಿಲು. ನಮ್ಮ ಮನೆ ಇರುವುದು ದಿಬ್ಬದ ಬುಡದಲ್ಲಿ. ಮನೆಯ ಪಕ್ಕದಿಂದಲೇ ಕಲ್ಲಿನ ಮೆಟ್ಟಿಲುಗಳ ಓಣಿಯೊಂದು ಮೇಲಕ್ಕೆ ಹೋಗುತ್ತದೆ. ಅದರ ತುದಿಯಲ್ಲಿ ನರ್ಸಮ್ಮನ ಮನೆ. ದೊಡ್ಡಾಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದವರು, ಒಬ್ಬರೇ ಇರುತ್ತಾರೆ, ಅಮ್ಮನ ಜೀವದ ಗೆಳತಿ. ದಿನಾ ಸಂಜೆ ಅವರು ಇಳಿದು ಬಂದು ನನ್ನ ಶೆಡ್ಡಿನ ಮುಂದಿನ ಬೆಂಚಿನಲ್ಲಿ ಅಮ್ಮನ ಜೊತೆ ಟೀ ಕುಡಿಯಬೇಕು, ನಾನು ಅವರ ಮಾತು ಕೇಳಿಸದವನಂತೆ ಕಬ್ಬಿಣ ಉಜ್ಜುತ್ತಿರಬೇಕು. ಎಷ್ಟೋ ವರ್ಷ ಹೀಗೇ ನಡೆದಿತ್ತು. ಮೆಟ್ಟಿಲಿನ ಪಕ್ಕ ಹಿಡಿದುಕೊಳ್ಳಲು ಇದ್ದ ಹಳೆಯ ಕಂಬಿ ತುಕ್ಕು ಹಿಡಿದು ಉದುರಿಹೋಯಿತು. ಆಮೇಲೆ ನರ್ಸಮ್ಮ ಒಮ್ಮೆ ಜಾರಿ ಬಿದ್ದರು. ಮೂಳೆ ಮುರಿಯಲಿಲ್ಲ, ಧೈರ್ಯ ಮುರಿಯಿತು. ಅವರು ಇಳಿಯುವುದನ್ನು ಬಿಟ್ಟರು. ಅಮ್ಮನಿಗೋ ಮಂಡಿನೋವು, ಹತ್ತಲಾಗದು.

ಅಲ್ಲಿಂದ ಇಬ್ಬರೂ ಸಂಜೆ ಮೇಲೊಬ್ಬರು ಕೆಳಗೊಬ್ಬರು ನಿಂತು ಕೂಗಿ ಮಾತಾಡತೊಡಗಿದರು. ಫೋನಿನಲ್ಲಿ ನರ್ಸಮ್ಮನಿಗೆ ಸರಿಯಾಗಿ ಕೇಳಿಸದು. ಯಾರ ಮನೆಯಲ್ಲಿ ಯಾರು ಮುನಿಸಿಕೊಂಡರು, ಯಾವ ಮಾತ್ರೆ ತಿಂದರೆ ಹೊಟ್ಟೆ ಉಬ್ಬುತ್ತದೆ, ಎಲ್ಲ ಓಣಿಗೇ ಗೊತ್ತಾಗತೊಡಗಿತು. ಮೊದಮೊದಲು ನಗು ಬರುತ್ತಿತ್ತು. ಆಮೇಲಾಮೇಲೆ ಅಮ್ಮ ಕೂಗುವುದನ್ನೂ ಕಡಿಮೆ ಮಾಡಿದಳು. ಬೆಂಚಿನ ಮೇಲೆ ಒಬ್ಬಳೇ ಕೂತು ಟೀ ಆರಿಸುತ್ತಿದ್ದಳು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ.

ಶೆಡ್ಡಿನಲ್ಲಿ ಅಳತೆಗೆ ಸರಿಯಾದ ಪೈಪು ಬಿದ್ದಿತ್ತು. ಒಂದು ದಿನದ ಕೆಲಸ. ಹಾಕಿಬಿಡಲಾ ಎಂದು ಹೆಂಡತಿಯನ್ನು ಕೇಳಿದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ, ನನ್ನ ಹೆಸರು ಕೆಡಿಸಬೇಡಿ ಎಂದಳು. ಅಮ್ಮನಾದರೂ ನನ್ನ ಪರ ನಿಲ್ಲುತ್ತಾಳೆ ಎಂದುಕೊಂಡರೆ ಅವಳೂ ಬೇಡವೆಂದಳು. ಮಗ ಹಾಕಿಕೊಟ್ಟರೆ ಅದು ಉಪಕಾರವಾಯಿತು, ಉಪಕಾರದಿಂದಲೇ ಕೆಲಸ ಆಗುವುದಾದರೆ ವೋಟು ಯಾಕೆ ಹಾಕಬೇಕಿತ್ತು ಎಂದು ಕೇಳಿದಳು. ಎರಡು ಕಡೆಯಿಂದಲೂ ಬೈಸಿಕೊಂಡು ನಾನು ಪೈಪನ್ನು ಮೂಲೆಗೆ ಒರಗಿಸಿದೆ.

ಮುಂದಿನ ಶನಿವಾರ ಅಮ್ಮ ಬೇಗ ತಲೆ ಬಾಚಿ, ಒಳ್ಳೆಯ ಚಪ್ಪಲಿ ಹಾಕಿಕೊಂಡಳು. ಎಲ್ಲಿಗೆ ಎಂದರೆ ಸ್ವಲ್ಪ ಕೆಲಸವಿದೆ ಎಂದಳು. ನಾನು ಶೆಡ್ಡಿಗೆ ಬೀಗ ಹಾಕಿ ಹಿಂದೆಯೇ ಹೋದೆ.

ವಾಚನಾಲಯದ ಬಾಗಿಲಲ್ಲಿ ಪೋಸ್ಟ್‌ಮ್ಯಾನ್ ಎದ್ದು ನಿಂತು, ನಿಮಗೇಕಮ್ಮ ಟೋಕನ್, ನೇರವಾಗಿ ಒಳಗೆ ಹೋಗಿ ಎಂದರು. ಅಮ್ಮ ಕೈ ಚಾಚಿಕೊಂಡೇ ನಿಂತಳು. ಬಿಲ್ಲೆ ಕೈಗೆ ಬಂದ ಮೇಲೆಯೇ ಒಳಗೆ ಹೋಗಿ, ಬೇಕರಿಯವನ ಪಕ್ಕದಲ್ಲಿ ಕೂತಳು. ನಾನು ಹಳೆಯ ಪೇಪರಿನ ರಾಶಿಯ ಹಿಂದೆ ನಿಂತೆ. ಹೆಂಡತಿ ತಲೆ ತಗ್ಗಿಸಿ ಬರೆದುಕೊಳ್ಳುತ್ತಾ ಒಂದೊಂದೇ ನಂಬರು ಕೂಗುತ್ತಿದ್ದಳು. ಅಮ್ಮನ ನಂಬರು ಕೂಗಿ ತಲೆ ಎತ್ತಿದವಳ ಪೆನ್ನು ಅಲ್ಲೇ ನಿಂತಿತು.

"ಅತ್ತೆ, ಮನೇಲಿ ಮಾತಾಡೋಣ," ಎಂದಳು ಮೆಲ್ಲಗೆ.

"ಮನೇಲಿ ಮಾತಾಡಬಾರದು ಅಂತ ನೀವೇ ಹೇಳಿದೀರಲ್ಲ, ಮೆಂಬರೇ."

ಅಮ್ಮ ಸೊಸೆಯನ್ನು ನೀವು ಎಂದದ್ದು ಅದೇ ಮೊದಲು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಹೆಂಡತಿಯ ಕಿವಿ ಕೆಂಪಾಯಿತು. ಆದರೂ ಕಂಡಕ್ಟರ್ ಅಲ್ಲವೇ, ಸಾವರಿಸಿಕೊಂಡು, ಹೇಳಿ ಎಂದಳು.

ಅಮ್ಮ ಮೆಟ್ಟಿಲಿನ ವಿಷಯ ಹೇಳಿದಳು. ಉಳಿದ ಬೀದಿಗಳಿಗೆ ಕಲ್ಲು ಬಂತು, ದೀಪ ಬಂತು, ನಮ್ಮ ಮೆಟ್ಟಿಲಿಗೆ ಒಂದು ಕಂಬಿ ಯಾಕೆ ಬರಲಿಲ್ಲ ಎಂದು ಕೇಳಿದಳು. ಹೆಂಡತಿಗೆ ಸುಳ್ಳು ಬರುವುದಿಲ್ಲ. ಅದು ತನ್ನ ಮನೆ ಬಾಗಿಲು, ಮೊದಲು ಅಲ್ಲೇ ಕೆಲಸ ಮಾಡಿಸಿದರೆ ಜನ ಆಡಿಕೊಳ್ಳುತ್ತಾರೆ, ಅದಕ್ಕೇ ಎಲ್ಲರದೂ ಆದ ಮೇಲೆ ಕೊನೆಗಿಟ್ಟಿದ್ದೇನೆ ಎಂದಳು. ಒಳ್ಳೆಯ ಮಾತೇ. ಕೆಲವರು ತಲೆದೂಗಿದರು. ಅಮ್ಮ ತೂಗಲಿಲ್ಲ.

"ನಿಮ್ಮ ಹೆಸರು ಚೆನ್ನಾಗಿರಲಿ ಅಂತ ಅವಳು ಮೇಲೆ ಒಬ್ಬಳೇ ಕೂತಿರಬೇಕಾ?" ಎಂದಳು. "ದೀಪದ ಬುಡದಲ್ಲಿ ಕತ್ತಲೆ ಅಂತಾರೆ. ಬುಡದಲ್ಲೂ ಜನ ಇರ್ತಾರೆ, ಮೆಂಬರೇ."

ಅಮ್ಮ ಅಳುವವಳಲ್ಲ, ಬಿಲ್ಲೆಯನ್ನು ಕೈಯಲ್ಲಿ ತಿರುಗಿಸುತ್ತಾ ನಿಂತಳು. ನನಗೆ ಹೋಗಿ ಕೈ ಹಿಡಿದುಕೊಳ್ಳಬೇಕೆನ್ನಿಸಿತು. ಯಾರ ಕೈ ಎಂದು ಗೊತ್ತಾಗದೆ ಅಲ್ಲೇ ಉಳಿದೆ.

ಆಗ ಬಾಯಿ ಬಿಟ್ಟವನು ಬೇಕರಿಯವನು. ಅವನು ದಿನಾ ಬೆಳಿಗ್ಗೆ ಬ್ರೆಡ್ಡಿನ ಟ್ರೇ ತಲೆಯ ಮೇಲಿಟ್ಟುಕೊಂಡು ಅದೇ ಮೆಟ್ಟಿಲು ಹತ್ತುತ್ತಾನಂತೆ, ಎರಡು ಸಲ ಮುಗ್ಗರಿಸಿದ್ದಾನಂತೆ. ಮತ್ತೆ ನೀವು ಯಾಕೆ ಒಂದು ದಿನವೂ ಹೇಳಲಿಲ್ಲ ಎಂದು ಹೆಂಡತಿ ಕೇಳಿದಳು.

"ಮೆಂಬರ್ ಮನೆ ಬಾಗಿಲಲ್ವಾ, ಅವರೇ ಮಾಡಿಸ್ಕೋತಾರೆ ಅಂದ್ಕೊಂಡೆ," ಎಂದ.

ಇನ್ನೂ ಇಬ್ಬರು ಮೂವರು ತಾವೂ ಹಾಗೇ ಅಂದುಕೊಂಡಿದ್ದೆವು ಎಂದರು. ಇಡೀ ಓಣಿ ಅವಳು ಮಾಡಿಸಿಕೊಳ್ಳುತ್ತಾಳೆ ಎಂದು ಸುಮ್ಮನಿತ್ತು, ತನಗೆ ಮಾಡಿಸಿಕೊಂಡಳು ಎಂದು ಜನ ಅನ್ನುತ್ತಾರೆಂದು ಅವಳು ಸುಮ್ಮನಿದ್ದಳು. ಹೆಂಡತಿ ಎದ್ದು ನಿಂತು, ಇದು ತನ್ನ ತಪ್ಪು ಎಂದಳು. ಉಳಿದವರಿಗೆ ಆಕ್ಷೇಪವಿದ್ದರೆ ಈಗಲೇ ಹೇಳಬೇಕು ಎಂದಳು. ಯಾರೂ ಹೇಳಲಿಲ್ಲ. ಬೇಸಗೆ ಮುಗಿಯುವುದರೊಳಗೆ ಆಗುತ್ತೆ, ಕೆಲಸ ಕಂಟ್ರಾಕ್ಟರ್ ಮಾಡುತ್ತಾನೆ, ನನ್ನ ಗಂಡ ಅಲ್ಲ ಎಂದಳು. ಪೇಪರಿನ ರಾಶಿಯ ಹಿಂದೆ ನಾನಿರುವುದು ಅವಳಿಗೆ ಮೊದಲೇ ಕಂಡಿತ್ತು. ಎಲ್ಲರೂ ತಿರುಗಿ ನನ್ನನ್ನು ನೋಡಿ ನಕ್ಕರು.

ಮಧ್ಯಾಹ್ನ ಊಟಕ್ಕೆ ಕೂತಾಗ, ಅತ್ತೆ ಬರುವ ವಿಷಯ ನಿಮಗೆ ಗೊತ್ತಿತ್ತಾ ಎಂದು ಹೆಂಡತಿ ಕೇಳಿದಳು. ಮನೆಯಲ್ಲಿ ವಾರ್ಡಿನ ಮಾತು ಬೇಡ ಎಂದೆ. ಮೊದಲು ನಕ್ಕವಳು ಅಮ್ಮ. ಹೆಂಡತಿ ನಗು ತಡೆಯಲು ನೋಡಿ, ನೀರು ನೆತ್ತಿಗೆ ಹತ್ತಿಸಿಕೊಂಡಳು. ಅತ್ತೆಯೇ ಎದ್ದು ಸೊಸೆಯ ತಲೆ ತಟ್ಟಿದಳು.

ಹೇಳಿದ ಹೊತ್ತಿಗೆ ಕಂಬಿ ಬಂತು. ಕಂಟ್ರಾಕ್ಟರಿನ ವೆಲ್ಡರ್ ಕೆಲಸ ಮಾಡುವಾಗ ನಾನು ಕೈ ಕಟ್ಟಿ ನಿಂತು ನೋಡಿದೆ. ಬೆಸುಗೆ ಪರವಾಗಿಲ್ಲ, ನನ್ನಷ್ಟು ನಯವಿಲ್ಲ. ಕೆಳಗಿನ ಎರಡು ಮೆಟ್ಟಿಲು ಬಿಟ್ಟು ಕಂಬಿ ನಿಲ್ಲಿಸಿದ. ಯಾಕಪ್ಪಾ ಎಂದರೆ, ಆ ಎರಡು ಮೆಟ್ಟಿಲು ರಸ್ತೆಯ ಲೆಕ್ಕಕ್ಕೆ ಬರುತ್ತವೆ, ಓಣಿಯ ಲೆಕ್ಕಕ್ಕಲ್ಲ ಎಂದ. ಮೊಳೆ ಮುಟ್ಟಬಾರದವನು ಮಾತೂ ಆಡಬಾರದು.

ಬಣ್ಣ ಒಣಗಿದ ಶನಿವಾರ ನರ್ಸಮ್ಮ ಇಳಿದರು. ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಒಂದೊಂದು ಮೆಟ್ಟಿಲಿಗೂ ನಿಂತು, ಕೆಳಗೆ ನಿಂತ ಅಮ್ಮನನ್ನೇ ನೋಡುತ್ತಾ. ಕಂಬಿ ಮುಗಿದಲ್ಲಿ ಅಮ್ಮ ಕೈ ಕೊಟ್ಟಳು. ಬೆಂಚಿನಲ್ಲಿ ಟೀ ಸಿದ್ಧವಿತ್ತು. ಆದರೆ ನರ್ಸಮ್ಮ ಬೆಂಚಿನ ಕಡೆಗೆ ತಿರುಗದೆ, ಮೊದಲು ವಾಚನಾಲಯಕ್ಕೆ ಹೋಗಬೇಕು ಎಂದರು. ಮುದುಕಿಯರಿಬ್ಬರೂ ತೋಳಿಗೆ ತೋಳು ಹಾಕಿಕೊಂಡು ಹೊರಟರು. ನಾನು ಟೀಗೆ ತಟ್ಟೆ ಮುಚ್ಚಿ ಹಿಂದೆ ಹೋದೆ.

ಥ್ಯಾಂಕ್ಸ್ ಹೇಳುತ್ತಾರೆ ಎಂದುಕೊಂಡಿದ್ದೆ. ನಂಬರು ಬಂದಾಗ ನರ್ಸಮ್ಮ ಎದ್ದು ನಿಂತು, ಕಿವಿ ಮಂದವಾದವರು ಮಾತಾಡುವಂತೆ ಗಟ್ಟಿಯಾಗಿಯೇ ಹೇಳಿದರು:

"ನಾನು ನಿಮಗೆ ವೋಟು ಹಾಕಿರಲಿಲ್ಲ. ಹಿಂದಿನವರಿಗೇ ಹಾಕಿದ್ದೆ. ಅದಕ್ಕೇ ಕಂಬಿ ಕೇಳೋಕೆ ನನಗೆ ಮುಖ ಇರಲಿಲ್ಲ."

ಹೆಂಡತಿ ಒಂದು ಗಳಿಗೆ ಅವರನ್ನು ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಇಷ್ಟು ದಿನ ಒಬ್ಬರು ತನ್ನ ಹತ್ತಿರ ಬರಲು ಹೆದರಿದ್ದರಲ್ಲ ಎಂಬ ಬೇಸರವಿತ್ತು, ಅದು ನನಗೆ ಚೆನ್ನಾಗಿ ಗೊತ್ತಾಯಿತು.

"ಬಸ್ಸು ಹತ್ತಿದ ಮೇಲೆ ಎಲ್ಲರೂ ಪ್ಯಾಸೆಂಜರೇ, ನರ್ಸಮ್ಮ. ನಾನು ಯಾರನ್ನೂ ವೋಟು ಕೇಳಿ ಇಳಿಸಿಲ್ಲ," ಎಂದಳು.

ನರ್ಸಮ್ಮ ಅಮ್ಮನ ಕಡೆ ತಿರುಗಿ, ನಿನಗೂ ಹೇಳಿರಲಿಲ್ಲ ಕಣೇ ಎಂದರು. ಅಮ್ಮನಿಗೆ ಆಶ್ಚರ್ಯವೇ ಆಗಲಿಲ್ಲ. ಗೆದ್ದ ದಿನ ನೀನು ಟೀ ಅರ್ಧಕ್ಕೇ ಬಿಟ್ಟು ಎದ್ದು ಹೋದಾಗಲೇ ಗೊತ್ತಾಯಿತು ಎಂದಳು. ಗೊತ್ತಿದ್ದೇ ಬಿಲ್ಲೆ ಹಿಡಿದು ಕೂತಿದ್ದಳು ನಮ್ಮಮ್ಮ. ನನ್ನ ಕಣ್ಣು ತುಂಬಿತು. ವೆಲ್ಡಿಂಗ್ ಬೆಳಕು ಹೊಡೆದಿದೆ ಎಂದು ಪೋಸ್ಟ್‌ಮ್ಯಾನಿಗೆ ಹೇಳಿದೆ.

ಹೆಂಡತಿ ಪೆನ್ನು ಎತ್ತಿಕೊಂಡು, ಕಂಬಿ ಸರಿಯಾಗಿದೆಯಾ ಎಂದು ಕೇಳಿದಳು. ಚೆನ್ನಾಗಿದೆ, ಕೊನೆಯ ಎರಡು ಮೆಟ್ಟಿಲಿಗೆ ಇಲ್ಲ ಅಷ್ಟೇ ಎಂದರು ನರ್ಸಮ್ಮ.

"ಅದೇನೂ ಬೇಡ ಬಿಡಿ. ಅಲ್ಲಿ ಇವಳು ಕೈ ಕೊಡ್ತಾಳೆ."

ಅಮ್ಮ ಕೂತಲ್ಲಿಂದಲೇ, "ನಾನೇನು ಕಂಬೀನಾ? ಬರ್ಕೊಳ್ಳಿ, ಮೆಂಬರೇ," ಎಂದಳು.

ಸರದಿ ಇಲ್ಲದೆ ಮಾತಾಡುವ ಹಾಗಿಲ್ಲ, ಟೋಕನ್ ಎಲ್ಲಿ ಎಂದು ಹೆಂಡತಿ ಕೇಳಿದಳು. ಅಮ್ಮ ಮುಷ್ಟಿ ಬಿಚ್ಚಿ ತೋರಿಸಿದಳು. ಬರುವಾಗಲೇ ತೆಗೆದುಕೊಂಡಿದ್ದಳು.